ಹೊತ್ತು ಮುಳುಗಿದ ಮೇಲಿನ ಗುಳಿಗೆ

ಮಯೂರಿಯ ಮೊಣಕಾಲುಗಳು ಮೊದಲ ಸಲ ಬಾತುಕೊಂಡಾಗ ಅವಳು ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಳು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ಕಾಲು ಮಡಚುತ್ತಿರಲಿಲ್ಲ, ಬೆರಳು ಮುಷ್ಟಿಗೆ ಬರುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಎಲ್ಲ ಸ್ವಲ್ಪ ಸಡಿಲಾಗಿ, ಕುಂಟುತ್ತ ಸಾಲೆಗೆ ಹೋಗುತ್ತಿದ್ದಳು. ತುಕ್ಕಾನಟ್ಟಿಯಲ್ಲಿ ಯಾರೂ ಇದನ್ನು ನಂಬಲಿಲ್ಲ. "ಸಂದಿವಾತ ಅಂದ್ರ ಮುದುಕರ ಬ್ಯಾನಿ. ಹುಡುಗಿ ಸಾಲಿ ತಪ್ಪಸಾಕ ನೆವಾ ಮಾಡತೈತಿ" ಎಂದು ಬಾಜೂ ಮನೆಯ ಕಾಶೆವ್ವ ಕೂಡ ಅಂದಿದ್ದಳು. ಬೆಳಗಾವಿಯ ಡಾಕ್ಟರು ಮಾತ್ರ ಅವಳ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಇದು ಮಕ್ಕಳಿಗೂ ಬರುತ್ತದೆ, ವರ್ಷಗಟ್ಟಲೆ ಔಷಧ ಬೇಕು ಎಂದರು.

ಎರಡು ಬಗೆಯ ಗುಳಿಗೆ ಸುರುವಾದವು. ನೋವಿನದು ದಿನಕ್ಕೆ ಎರಡು ಹೊತ್ತು, ಊಟದ ಮೇಲೆ. ಹಳದಿ ಬಣ್ಣದ ಸಣ್ಣವು ವಾರಕ್ಕೊಮ್ಮೆ, ರವಿವಾರ. ಮಳೆಗಾಲ ಹಿಡಿದು ಬೆಳಗಿನ ಸೆಡೆತ ಜಾಸ್ತಿಯಾದಾಗ ಡಾಕ್ಟರು, ಸಂಜೆಯ ಗುಳಿಗೆಯನ್ನು ಮಲಗುವ ಹೊತ್ತಿಗೆ ಕೊಡಿ, ಏನಾದರೂ ತಿನ್ನಿಸಿಯೇ ಕೊಡಿ ಎಂದು ಹೇಳಿದರು. ತಾಯಿ ತ್ರಿಶಲಾ ತಲೆಯಾಡಿಸಿ ಬಂದಳು. ಅಲ್ಲಿಂದಲೇ ಮನೆಯಲ್ಲಿ ತಕರಾರು ಸುರುವಾಯಿತು.

ಏಕೆಂದರೆ ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಅಜ್ಜಿ ಜಿನ್ನವ್ವ ಸೊಸೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು. ಸೂರ್ಯ ಇನ್ನೂ ಕಬ್ಬಿನ ಮೇಲಿರುವಾಗಲೇ ತಾಟು ಬೀಳುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಪಾತ್ರೆ ತೊಳೆದು, ಒಲೆ ಸಾರಿಸಿ, ಅಡುಗೆಮನೆಯ ಬಾಗಿಲು ಮುಚ್ಚಿ ಆಗಿರುತ್ತಿತ್ತು. ಹಿರಿಯ ಮಗ ವರ್ಧಮಾನ ಹೊಲದಿಂದ, ಕಿರಿಯ ಮಗ ಸನ್ಮತಿ ಮೂಡಲಗಿಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ತನ್ನ ಅಂಗಡಿಯಿಂದ ಆ ಹೊತ್ತಿಗೆ ಓಡಿ ಬರಬೇಕಿತ್ತು. ಸನ್ಮತಿ ತಡವಾದ ದಿನ ಹಸಿದುಕೊಂಡೇ ಮಲಗುತ್ತಿದ್ದ. ಅವ್ವನಿಗೆ ಹಾಗೆ ಹೇಳುತ್ತಿದ್ದ ಅಷ್ಟೆ. ಮೂಡಲಗಿಯ ಹೋಟೆಲಿನವರಿಗೆ ಬೇರೆ ಸಂಗತಿ ಗೊತ್ತಿತ್ತು.

ತ್ರಿಶಲಾ ಕೆಲವು ದಿನ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಾಲು, ಎರಡು ಬಿಸ್ಕೀಟು ಒಯ್ದು ಮಗಳಿಗೆ ಕೊಟ್ಟು, ಆಮೇಲೆ ಗುಳಿಗೆ ನುಂಗಿಸಿದಳು. ಒಂದು ಸಂಜೆ ಜಿನ್ನವ್ವ ಜಪ ಮುಗಿಸಿ ಎದ್ದು ಬರುವಾಗ ಸೊಸೆ ಎದುರಿಗೇ ಸಿಕ್ಕಳು.

"ಏನದು ಸೆರಗಿನ್ಯಾಗ?"

"ಹಾಲ್ರಿ ಅತ್ತಿ. ಗುಳಿಗಿ ಬರೇ ಹೊಟ್ಟಿಗೆ ಕೊಡಬಾರ್ದು ಅಂತ ಡಾಕ್ಟರ ಹೇಳ್ಯಾರ."

"ಹೊತ್ತ ಇದ್ದಾಗ ಕೊಟ್ರ ಡಾಕ್ಟರ ಬ್ಯಾಡ ಅಂತಾರೇನ?"

"ಆಗ ಕೊಟ್ರ ಮುಂಜಾನಿ ತನಕ ಗುಣ ನಿಲ್ಲೂದಿಲ್ರಿ. ಕಾಲ ಸೆಟದ ಹಿಡಿತಾವ."

"ಐವತ್ತ ವರ್ಷ ಈ ಮನ್ಯಾಗ ನಡದದ್ದ ನಿನ್ನ ಒಂದ ಬಟ್ಟಲಾ ಹಾಲಿಗೆ ಮುರೀತಲ್ಲ! ಅದೂ ಕದ್ದು. ಕೂಸಿಗೆ ಕಳವ ಕಲಸಾಕತ್ತಿ ನೀ."

"ಹಂಗಾರ ನೀವ ಬೆಳಿಗ್ಗೆ ಎದ್ದ ಅದರ ಕಾಲ ತಿಕ್ಕರಿ. ಅದ ಅಳೂದು ನೀವ ಕೇಳ್ರಿ!"

ಧ್ವನಿ ಏರಿತು. ಹೊರಗೆ ಜಗಲಿಯಲ್ಲಿ ಕುಳಿತಿದ್ದ ವರ್ಧಮಾನ ಟಾರ್ಚು ತೆಗೆದುಕೊಂಡು ಎದ್ದ.

"ಎಲ್ಲಿಗೆ ಹೊಂಟಿ?" ಜಿನ್ನವ್ವ ಕೇಳಿದಳು.

"ಕರೆಂಟ ಬಂದೈತಿ. ಕಬ್ಬಿಗೆ ನೀರ ಬಿಡಬೇಕು."

"ಮನ್ಯಾಗ ಬೆಂಕಿ ಬಿದ್ರೂ ನಿಮಗ ಕಬ್ಬಿಗೇ ನೀರ!" ತ್ರಿಶಲಾ ಅಂದಳು. ಅವನು ಆಗಲೇ ಅಂಗಳ ದಾಟಿದ್ದ.

ಕೋಣೆಯಲ್ಲಿ ಮಯೂರಿ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡಳು.

ಅವಳಿಗೆ ಅಷ್ಟರಲ್ಲಾಗಲೇ ಹೊಟ್ಟೆಯ ಕಾಟ ಹತ್ತಿತ್ತು. ಎದೆಗೂಡಿನ ಕೆಳಗೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ. ರವಿವಾರದ ಹಳದಿ ಗುಳಿಗೆ ನುಂಗಿದ ಮೇಲೆ ಸೋಮವಾರವಿಡೀ ವಾಕರಿಕೆ. ಬರಬರುತ್ತ ಗುಳಿಗೆ ಕಂಡರೇ ವಾಂತಿ ಬಂದಂತಾಗುತ್ತಿತ್ತು. ಆಮೇಲೆ ಹಳದಿ ಬಣ್ಣ ಕಂಡರೇ. ಒಂದು ರವಿವಾರ ಜಿನ್ನವ್ವ ಮೊಮ್ಮಗಳಿಗೆ ಇಷ್ಟವೆಂದು ಜುಣಕ ಮಾಡಿದಳು. ಕಡಲೆಹಿಟ್ಟಿನ ಆ ಹಳದಿ ತಾಟಿಗೆ ಬಿದ್ದದ್ದೇ ಮಯೂರಿ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಕುಂಟುತ್ತ ಓಡಿದಳು.

"ಇನ್ನೂ ತುತ್ತ ಇಟ್ಟಿಲ್ಲ, ವಾಂತಿ ಹೆಂಗ ಬರತೈತಿ? ಲಾಡ ಮಾಡಿ ಮಾಡಿ ಕೆಡಿಸೀರಿ" ಎಂದಳು ಜಿನ್ನವ್ವ. ಆದರೂ ಓಮಿನಕಾಳು ಕುದಿಸಿ, ಬೆಲ್ಲ ಹಾಕಿ, ತಾನೇ ಹಿಡಿದು ಕುಡಿಸಿದಳು. "ಎಲ್ಲೆ ನೋಯತೈತಿ ನನ್ನವ್ವಾ?"

"ಈ ಹಾಳ ಗುಳಿಗಿ ಬಂದ ಮಾಡಿ, ಸಂಕೇಶ್ವರದಾಗ ಎಣ್ಣಿ ಹಚ್ಚಾಂವ ಅದಾನಂತ, ಅಲ್ಲಿ ತೋರಸೂಣು" ಎಂದು ವರ್ಧಮಾನ ಊಟದ ನಡುವೆ ಅಂದ.

"ಗುಳಿಗಿ ಬಂದ ಮಾಡಿದ್ರ ಕೈಕಾಲ ಸೊಟ್ಟ ಆಗ್ತಾವ ಅಂತ ಹೇಳಿಲ್ಲೇನ್ರಿ ನಿಮಗ? ನೀವೂ ಇದ್ರಲ್ಲ ಅಲ್ಲೆ!" ತ್ರಿಶಲಾ ತಿರುಗಿ ಬಿದ್ದಳು.

ಮತ್ತೆ ಮಾತಿಗೆ ಮಾತು. ಮಯೂರಿ ಅಜ್ಜಿಯ ಮುಖ, ಅವ್ವನ ಮುಖ, ಅಪ್ಪನ ಮುಖ ನೋಡಿದಳು.

"ಎಲ್ಲೀನೂ ನೋಯೂದಿಲ್ಲ ಆಯಿ. ಕಡಿಮಿ ಆತು" ಎಂದು ಅಜ್ಜಿಗೆ ಅಂದಳು.

ಅಂದಿನಿಂದ ಹೊಟ್ಟೆಯ ಮಾತನ್ನು ಅವಳು ಮನೆಯಲ್ಲಿ ಎತ್ತಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಮಮದಾಪುರದಲ್ಲಿ ಆ ಸಲ ಸನ್ಯಾಸಿನಿಯಾದ ಒಬ್ಬ ಮಾತಾಜಿ ಮಳೆಗಾಲದ ಚಾತುರ್ಮಾಸಕ್ಕೆ ನಿಂತಿದ್ದರು. ಊರಿನ ಹೆಂಗಸರ ಜೊತೆ ಟೆಂಪೋದಲ್ಲಿ ಜಿನ್ನವ್ವ ಮೊಮ್ಮಗಳನ್ನೂ ಕರೆದುಕೊಂಡು ಹೋದಳು. ದಾರಿಯಲ್ಲಿ ತೊಡೆಯ ಮೇಲೆ ಅವಳ ಕಾಲಿಟ್ಟುಕೊಂಡು ಒತ್ತುತ್ತ, "ಮನಸಿಟ್ಟ ಒಂದ ನೇಮ ಹಿಡದ್ರ ಎಂಥಾ ಬ್ಯಾನೀನೂ ಹೋಗತೈತಿ. ನಿಮ್ಮ ಮುತ್ತಜ್ಜಿದು ಹಂಗ ಹೋಗಿತ್ತು" ಎಂದು ಹೇಳಿದಳು.

ಪ್ರವಚನ ಮುಗಿದ ಮೇಲೆ ಮಾತಾಜಿ ಮಕ್ಕಳನ್ನು ಮುಂದೆ ಕರೆದು ಸಣ್ಣ ಸಣ್ಣ ನೇಮ ಕೊಟ್ಟರು. ಒಬ್ಬನಿಗೆ ಬೈಗುಳ ಬಿಡುವುದು, ಒಬ್ಬಳಿಗೆ ದಿನಾ ಬಸದಿಗೆ ಹೋಗುವುದು. ಮಯೂರಿ ಗೋಡೆ ಹಿಡಿದು ತಾನಾಗಿ ಎದ್ದು ನಿಂತಳು.

"ನಾ ರಾತ್ರಿ ಏನೂ ತಿನ್ನೂದಿಲ್ರಿ. ನನ್ನ ಕಾಲ ನೆಟ್ಟಗ ಆಗೂ ತನಕ."

"ಕಾಲಿಗೆ ಏನಾಗೇತಿ ಮಗಾ?"

"ಸ್ವಲ್ಪ ಬಾವ ಬರತೈತ್ರಿ ಮಾತಾಜಿ, ಅಷ್ಟ" ಎಂದು ಹಿಂದಿನಿಂದ ಜಿನ್ನವ್ವ ಹೇಳಿದಳು. ಗುಳಿಗೆಯ ಮಾತು ತೆಗೆಯಲಿಲ್ಲ. ಮಾತಾಜಿ ಹುಡುಗಿ ಕೇಳಿದ ನೇಮ ಕೊಟ್ಟರು. ಕೂತ ಹೆಂಗಸರೆಲ್ಲ ಎಳೆಯ ಹುಡುಗಿಯ ಭಕ್ತಿಗೆ ಬೆರಗಾಗಿ ನೋಡುತ್ತಿದ್ದರು. ಅಜ್ಜಿಗೆ ಹೆಮ್ಮೆಯಾಗಿತ್ತು.

ತ್ರಿಶಲಾಳಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಹಿಟ್ಟು ನಾದುವ ಪರಾತವನ್ನು ನೆಲಕ್ಕೆ ಕುಕ್ಕಿದಳು. "ನನ್ನ ಬಾಯಿ ಮುಚ್ಚಸಾಕ ಕೂಸಿನ ಹೊಟ್ಟೀನ ಅಡ್ಡ ಹಾಕಿದ್ರಲ್ಲ ಅತ್ತಿ!"

"ನಾ ಏನೂ ಹೇಳಿಲ್ಲ. ಅದ ತಾನ ಎದ್ದ ನಿಂತೈತಿ. ಕೇಳ ಬೇಕಾದ್ರ."

"ಖರೆ ಅವ್ವಾ, ನಾನ ಬೇಡೀನಿ" ಅಂದಳು ಮಯೂರಿ. "ಇನ್ನ ಹಾಲಿನ ಸಮ್ಮಂದ ನೀವು ಜಗಳಾ ಮಾಡೂದು ಬ್ಯಾಡ."

ತ್ರಿಶಲಾ ಗುಳಿಗೆಯನ್ನು ಮತ್ತೆ ಸಂಜೆಯ ಊಟದ ಮೇಲೆಯೇ ಕೊಟ್ಟು ನೋಡಿದಳು. ಮರುದಿನ ಬೆಳಿಗ್ಗೆ ಹುಡುಗಿ ಕಂಬದಂತೆ ಸೆಟೆದು ಮಲಗಿದ್ದಳು, ಸಾಲೆ ತಪ್ಪಿತು. ನಾಲ್ಕೈದು ದಿನ ಹೀಗಾದ ಮೇಲೆ ಮಯೂರಿಯೇ ಮಲಗುವಾಗ ಕೈ ಚಾಚಿದಳು. "ಈಗ ಕೊಡು. ನೀರಾಗ ನುಂಗತೀನಿ. ಪರೀಕ್ಷಾ ಅದಾವು."

"ಹೊಟ್ಟಿ?"

"ಹೊಟ್ಟಿ ಆರಾಮ ಐತಿ."

ತ್ರಿಶಲಾ ಬಹಳ ಹೊತ್ತು ಗುಳಿಗೆ ಹಿಡಿದು ಕುಳಿತಿದ್ದಳು. ಬೆಳಗಿನ ಅಳು ನೆನಪಾಯಿತು. ಕೊಟ್ಟಳು.

ಮುಂದಿನ ವಾರಗಳಲ್ಲಿ ಮಯೂರಿ ಸೊರಗುತ್ತ ಹೋದಳು. ಅರ್ಧ ರೊಟ್ಟಿಗೆ ಸಾಕು ಅನ್ನುತ್ತಿದ್ದಳು. ಪಲ್ಯವನ್ನು ತಾಟಿನ ಅಂಚಿಗೆ ಸರಿಸಿ, ಯಾರೂ ನೋಡದಾಗ ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದಳು. ಉರಿ ಹೆಚ್ಚಾದರೆ ಹಿತ್ತಲಿನ ಕಟ್ಟೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗುತ್ತಿದ್ದಳು. ಕಾಶೆವ್ವ ಒಮ್ಮೆ ನೋಡಿ, "ಯಾಕವಾ, ಹಿಂಗ್ಯಾಕ ಬಿದ್ದಿ?" ಅಂದರೆ, "ಬಿಸಲ ಕಾಸಾಕತ್ತೀನಿ" ಅಂದಳು. ಮುಖದ ಬಣ್ಣ ಸುಣ್ಣದಂತಾಯಿತು. ಜಿನ್ನವ್ವ ದೃಷ್ಟಿ ತೆಗೆದಳು, ವರ್ಧಮಾನ ಗೋಕಾಕದಿಂದ ದಾಳಿಂಬೆ ತಂದ, ತ್ರಿಶಲಾ ಮುಂದಿನ ತಿಂಗಳು ಬೆಳಗಾವಿಗೆ ಹೋಗುವ ದಿನ ಕಾಯುತ್ತಿದ್ದಳು. ಒಬ್ಬರಿಗೊಬ್ಬರು ಬೇಕಾದಷ್ಟೇ ಮಾತು.

ಒಂದು ಮುಂಜಾನೆ ಸಾಲೆಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಮಯೂರಿ ಕುಸಿದು ಬಿದ್ದಳು.

ಅಂಗಡಿಗೆ ಹೊರಟಿದ್ದ ಸನ್ಮತಿ ಸುದ್ದಿ ಕೇಳಿ ಓಡಿದ. ಊರಿನ ಜೀಪಿನಲ್ಲಿ ಹಾಕಿಕೊಂಡು ಎಲ್ಲರೂ ಗೋಕಾಕ ಸೇರಿದರು. ದವಾಖಾನೆಯಲ್ಲಿ ದಾಕ್ಷಾಯಿಣಿ ಎಂಬ ತರುಣ ಡಾಕ್ಟರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಹೊಟ್ಟೆ ಮುಟ್ಟಿದರು. ಎದೆಗೂಡಿನ ಕೆಳಗೆ ಬೆರಳಿಟ್ಟಾಗ ಮಯೂರಿ ಹಲ್ಲು ಕಚ್ಚಿದಳು.

"ಸಂಡಾಸ ಕರ್ರಗ ಆಗತೈತೇನ ಪುಟ್ಟಿ?"

ಮಯೂರಿ ಅಜ್ಜಿಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು.

ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ತೆರೆದಾಗ ಅವರ ಮುಖ ಗಟ್ಟಿಯಾಗಿತ್ತು.

"ಹೊಟ್ಟಿಯೊಳಗ ಹುಣ್ಣಾಗಿ ರಕ್ತ ಸೋರೇತಿ. ನೋವಿನ ಗುಳಿಗಿ ಬರೇ ಹೊಟ್ಟಿಗೆ ಬಿದ್ದ ಹಿಂಗಾಗೇತಿ. ಒಂದು ವಾರದಿಂದ ಸಂಡಾಸ ಡಾಂಬರದಂಗ ಆಗಾಕತ್ತೈತಂತ. ಹೊಟ್ಟಿ ಉರಿ ಅಂತೂ ತಿಂಗಳಗಟ್ಟಲೆ."

"ನಮಗ ಒಂದ ಮಾತ ಹೇಳಿಲ್ರಿ ಅದು!" ವರ್ಧಮಾನ ಅಂದ. "ಕೇಳಿದ್ರ ಆರಾಮ ಅಂತಿತ್ತು."

"ಯಾಕ ಹೇಳಿಲ್ಲಂತ ನಾನೂ ಕೇಳಿದೆ. ಹೇಳಿದ್ರ ಮನ್ಯಾಗ ಜಗಳಾ ಆಗತೈತ್ರಿ ಅಂದ್ಲು."

ಡಾಕ್ಟರು ರಕ್ತದ ಬಾಟಲಿಗೆ ಹೇಳಲು ಒಳಗೆ ಹೋದರು. ಜಿನ್ನವ್ವ ಬೆಂಚಿನ ಮೇಲೆ ಕುಳಿತಳು. ತ್ರಿಶಲಾ ಗೋಡೆಗೆ ತಲೆ ಆನಿಸಿ ನಿಂತಳು. "ನಾನ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ವರ್ಧಮಾನ ಹೊರಗೆ ಹೋಗಲು ಬಾಗಿಲ ತನಕ ಹೋದವನು ತಿರುಗಿ ಬಂದು ಹೆಂಡತಿಯ ಬಾಜೂ ನಿಂತ.

"ಇವತ್ತ ಕಬ್ಬಿಗೆ ನೀರಿಲ್ಲೇನ ಅಣ್ಣಾ?" ಸನ್ಮತಿ ಸಿಟ್ಟಿನಿಂದ ಅಂದ.

"ಅಂವಗ್ಯಾಕ ಬೈತಿ?" ಎಂದಳು ಜಿನ್ನವ್ವ. "ಬೈಯೂದಿದ್ರ ನನಗ ಬೈ." ಯಾರೂ ಬೈಯಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಹುಡುಗಿ ಚೇತರಿಸಿಕೊಂಡಳು. ದಾಕ್ಷಾಯಿಣಿಯವರು ಬೆಳಗಾವಿಗೆ ಫೋನು ಮಾಡಿ ಅಲ್ಲಿನ ಡಾಕ್ಟರ ಜೊತೆ ಮಾತಾಡಿದರು. ಹಳೆಯ ನೋವಿನ ಗುಳಿಗೆ ಬಂದಾಯಿತು. ಹುಣ್ಣು ಮಾಯಲು ಬೇರೆ ಔಷಧ, ವಾರದ ಹಳದಿ ಗುಳಿಗೆಯ ಬದಲು ಸೂಜಿ, ಕೀಲಿಗೆ ಸ್ವಲ್ಪ ದಿನ ಬೇರೊಂದು ಗುಳಿಗೆ. ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದರು: "ಹೊಟ್ಟಿ ಬಹಳ ಹೊತ್ತ ಖಾಲಿ ಇರಬಾರ್ದು. ಸ್ವಲ್ಪ ಸ್ವಲ್ಪ, ಮತ್ತ ಮತ್ತ. ಮಲಗೂ ಮುಂದೂ ಮೆತ್ತಗಿಂದು ಏನರೆ ತಿನಬೇಕು."

"ಹೊತ್ತ ಮುಳಗೂದ್ರಾಗ ಹೊಟ್ಟಿ ತುಂಬ ಉಣಿಸಿದ್ರ ನಡೆಯೂದಿಲ್ಲೇನ್ರಿ?" ಜಿನ್ನವ್ವ ಕೇಳಿದಳು. ಈಗ ವಾದವಿರಲಿಲ್ಲ, ಬರೀ ಕೇಳುವಿಕೆ.

"ನಡೆಯೂದಿಲ್ಲ ಅಜ್ಜಿ. ಸಂಜೀಕ ಉಂಡದ್ದ ಬೆಳಗಿನ ತನಕ ಈ ಹೊಟ್ಟಿಗೆ ಆಗೂದಿಲ್ಲ."

"ನಾ ತಿನ್ನೂದಿಲ್ಲ" ಎಂದಳು ಹಾಸಿಗೆಯ ಮೇಲಿನ ಮಯೂರಿ. ಎಲ್ಲರೂ ತಿರುಗಿದರು. "ಕಾಲ ನೆಟ್ಟಗ ಆಗೂ ತನಕ ಅಂತ ಮಾತಾಜಿ ಮುಂದ ಹೇಳೀನಿ. ನಡಬರಕ ಮುರದ್ರ ಕಾಲ ಹಂಗ ಉಳಿತಾವ."

ಜೀಪು ಗೋಕಾಕದಿಂದ ಊರಿನ ಹಾದಿ ಹಿಡಿಯುವ ಮೊದಲೇ ಜಿನ್ನವ್ವ ಡ್ರೈವರನಿಗೆ ಹೇಳಿದಳು, "ಮಮದಾಪುರಕ್ಕ ಹೊಡಿ."

ಮಾತಾಜಿ ಬಸದಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದರು. ಜಿನ್ನವ್ವ "ವಂದಾಮಿ" ಎಂದು ಮಣಿದವಳು ಏಳಲಿಲ್ಲ. ಕೆಳಗೆ ಕುಳಿತೇ ಎಲ್ಲ ಹೇಳಿದಳು: ದಿನಾ ಗುಳಿಗೆ ಇದ್ದದ್ದು, ಅವತ್ತು ತಾನು ಅದನ್ನು ಹೇಳದೆ ಬಿಟ್ಟದ್ದು, ಜನ ನೋಡುತ್ತಿದ್ದಾರೆಂದು ಹಿಗ್ಗಿದ್ದು. ಸೊಸೆ ಹಿಂದೆ ನಿಂತು ಕೇಳುತ್ತಿದ್ದಳು.

"ಗುಳಿಗಿ ನುಂಗೂ ಕೂಸು ಅಂತ ಅವತ್ತ ಹೇಳಿದ್ರ ನಾ ಈ ನೇಮ ಕೊಡತಿರಲಿಲ್ಲ" ಎಂದರು ಮಾತಾಜಿ. ಅವರಿಗೆ ಸಿಟ್ಟು ಬಂದಿತ್ತು. ಅದನ್ನು ಅಡಗಿಸಿಕೊಂಡು ಮಯೂರಿಯನ್ನು ಕರೆದರು. "ಬ್ಯಾನಿ ಇದ್ದವರಿಗೆ ಇದು ಇಲ್ಲ ಮಗಾ. ನಿಂದು ಇವತ್ತಿಗೆ ಮುಗೀತು. ದೋಷ ಏನೂ ಇಲ್ಲ."

ಮಯೂರಿ ಹೂಂಗುಟ್ಟಿದಳು. ಆದರೆ ಜೀಪು ಹತ್ತುವಾಗ ತನ್ನ ಮೊಣಕಾಲುಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆ ಸಂಜೆ ಎಂದಿನಂತೆ ಎಲ್ಲರೂ ಬೆಳಕಿರುವಾಗಲೇ ಉಂಡರು. ದೀಪ ಹಚ್ಚಿ ಸ್ವಲ್ಪ ಹೊತ್ತಿನ ಮೇಲೆ ತ್ರಿಶಲಾ ಅಡುಗೆಮನೆಯ ಕಡೆ ಹೊರಟಳು. ಜಿನ್ನವ್ವ ಅವಳಿಗಿಂತ ಮೊದಲೇ ಒಳಗಿದ್ದಳು. ಕಿಟಕಿ ಮುಚ್ಚಿ, ಹುಳ ಬರಬಾರದೆಂದು ಬಾಗಿಲಿಗೆ ತನ್ನ ಹಳೆಯ ಸೀರೆ ಇಳಿಬಿಟ್ಟು, ಒಲೆಯನ್ನು ಪೊರಕೆ ಎಳೆಯಿಂದ ಗುಡಿಸಿ ನೋಡುತ್ತಿದ್ದಳು. ಆಮೇಲೆ ಕಡ್ಡಿ ಗೀರಿದಳು. ಕಡ್ಡಿ ಆರಿತು. ಇನ್ನೊಂದು ಗೀರಿದಳು.

"ನಾ ಮಾಡತೀನಿ ಬಿಡ್ರಿ ಅತ್ತಿ" ತ್ರಿಶಲಾ ಅಂದಳು.

"ನೀ ರವಾ ತಗಿ. ಹಾಲ ಎಲ್ಲಿಟ್ಟಿ?"

ಇಬ್ಬರೂ ಕೂಡಿ ರವೆಯ ಗಂಜಿ ಮಾಡಿದರು. ಬಟ್ಟಲಿಗೆ ಸುರಿದು, ಮೇಲೆ ತಾಟು ಮುಚ್ಚಿ, ಮಯೂರಿಯ ಮುಂದಿಟ್ಟರು. ಅವಳು ಬಾಯಿ ಬಿಗಿದು ಕುಳಿತಳು.

"ಮಾತಾಜಿ ಹೇಳಿದ್ದ ಕೇಳಿಲ್ಲೇನ?" ತ್ರಿಶಲಾಳ ದನಿ ಏರತೊಡಗಿತು. "ಮತ್ತ ದವಾಖಾನಿಗೆ ಹೋಗಬೇಕೇನ ನಿನಗ?"

"ತಡಿ" ಎಂದಳು ಜಿನ್ನವ್ವ. ಮೊಮ್ಮಗಳ ಎದುರು ಕಷ್ಟಪಟ್ಟು ನೆಲಕ್ಕೆ ಕುಳಿತಳು. "ಯಾಕ ಉಣ್ಣೂದಿಲ್ಲ?"

"ನೇಮ ಹಿಡದ್ರ ಬ್ಯಾನಿ ಹೋಗತೈತಿ ಅಂತ ನೀನ ಹೇಳಿದ್ದಿ ಆಯಿ. ಮುತ್ತಜ್ಜಿದು ಹೋಗಿತ್ತು."

ಜಿನ್ನವ್ವ ಸೊಸೆಯ ಕಡೆ, ಬಾಗಿಲಲ್ಲಿ ನಿಂತ ಇಬ್ಬರು ಗಂಡುಮಕ್ಕಳ ಕಡೆ ನೋಡಿದಳು. ತನಗೆ ಗೊತ್ತಿಲ್ಲದ್ದು ಒಂದಿದೆಯೆಂದು ಆ ಮನೆಯಲ್ಲಿ ಯಾರೂ ಅವಳ ಬಾಯಿಂದ ಕೇಳಿರಲಿಲ್ಲ.

"ಮುತ್ತಜ್ಜಿನ್ನ ನಾ ಕಣ್ಣಿಲೆ ನೋಡಿಲ್ಲವ್ವಾ. ಯಾರೋ ಹೇಳಿದ್ದ ನಾ ನಿನಗ ಹೇಳಿದ್ನಿ. ನೇಮದಿಂದ ನಿನ್ನ ಕಾಲ ನೆಟ್ಟಗ ಆಗ್ತಾವೋ ಇಲ್ಲೋ, ನನಗ ಗೊತ್ತಿಲ್ಲ. ಖರೇನ ಗೊತ್ತಿಲ್ಲ."

ಮಯೂರಿ ಅಜ್ಜಿಯನ್ನೇ ದಿಟ್ಟಿಸಿದಳು. "ಮತ್ತ ನೀ ಯಾಕ ಉಣ್ಣೂದಿಲ್ಲ ರಾತ್ರಿ?"

"ನನ್ನ ಹೊಟ್ಟಿ ಗಟ್ಟಿ ಐತಿ, ತಡೀತೈತಿ. ಬ್ಯಾನಿ ಹೋಗಲಿ ಅಂತ ಅಲ್ಲ, ನನಗ ಬೇಕು ಅಂತ ಮಾಡತೀನಿ. ನೀ ದೊಡ್ಡಾಕಿ ಆಗು, ಹೊಟ್ಟಿ ಮಾಯಲಿ. ಆಗ ನಿನಗೂ ಬೇಕನಿಸಿದ್ರ ಮಾಡು. ಈಗ ಉಣ್ಣು."

ಚಮಚ ಎತ್ತಲು ಮಯೂರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಎರಡು ತುತ್ತು ನುಂಗಿ, "ಎಲ್ಲಾರೂ ಹಿಂಗ ನೋಡಿದ್ರ ಹೆಂಗ ಉಣ್ಣಲಿ?" ಅಂದಳು. ಗಂಡಸರು ಸರಿದು ಹೋದರು.

ಆಮೇಲಿನ ವಾರಗಳೂ ಸಲೀಸಾಗಿ ಇರಲಿಲ್ಲ. ಸೂಜಿಯ ಮರುದಿನ ಹುಡುಗಿಗೆ ಈಗಲೂ ಸ್ವಲ್ಪ ವಾಕರಿಕೆ ಬರುತ್ತಿತ್ತು. ಕೆಲವು ಮುಂಜಾನೆ ಕಾಲು ಏಳುತ್ತಿದ್ದವು, ಕೆಲವು ಇಲ್ಲ. ರಾತ್ರಿಯ ಪಾತ್ರೆ ಯಾರು ತೊಳೆಯಬೇಕೆಂದು ಅತ್ತೆ ಸೊಸೆ ಮುಖ ಗಂಟಿಕ್ಕಿದರು. ಒಮ್ಮೆ ಗಂಜಿ ಸೀದದ್ದಕ್ಕೆ ಇಬ್ಬರೂ ಒಂದು ದಿನ ಮಾತು ಬಿಟ್ಟರು. ಮೂಡಲಗಿಯ ಹೋಟೆಲಿನ ಸಂಗತಿ ಹೊರಬಿದ್ದು ಸನ್ಮತಿ ಬೈಸಿಕೊಂಡ. ಜಿನ್ನವ್ವ ಮಾತ್ರ ಜುಣಕ ಮಾಡುವುದನ್ನು ಬಿಟ್ಟಳು. ಕೇಳಿದರೆ, ಕಡಲೆಹಿಟ್ಟು ಮುಗಿದಿದೆ ಎನ್ನುತ್ತಿದ್ದಳು.

ದೀಪಾವಳಿಯ ಹಿಂದಿನ ದಿನ ಅಣ್ಣ ತಮ್ಮ ಕಬ್ಬಿನ ಕಟಾವಿನ ಮೇಲೆ ಜಗಳಕ್ಕೆ ನಿಂತರು. ಫ್ಯಾಕ್ಟರಿಯವರು ಹೇಳಿದ ದಿನ ಕಬ್ಬು ಕಡಿಯುವ ಗ್ಯಾಂಗು ಬಂದಿರಲಿಲ್ಲ. ಅದಕ್ಕೆ ಸನ್ಮತಿಯ ಉಡಾಫೆಯೇ ಕಾರಣವೆಂದು ವರ್ಧಮಾನ ಕೂಗಿದ. ತಾನು ಅಂಗಡಿ ಬಿಟ್ಟು ಗ್ಯಾಂಗಿನವರ ಮನೆ ಕಾಯಬೇಕೇನು ಎಂದು ಸನ್ಮತಿ ಅದಕ್ಕಿಂತ ಜೋರಾಗಿ ಕೂಗಿದ. ಜಿನ್ನವ್ವ ಕಿರಿಯನ ಕಡೆ ಮಾತಾಡಿದಳು, ತ್ರಿಶಲಾ ಗಂಡನ ಕಡೆ. ಅಂಗಳವೆಲ್ಲ ಗದ್ದಲ. ಕಾಶೆವ್ವ ಗೋಡೆಯ ಮೇಲಿಂದ ಇಣುಕಿದಳು.

ಮಯೂರಿ ಒಳಗಿನಿಂದ ಬಾಗಿಲ ಚೌಕಟ್ಟು ಹಿಡಿದು ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಏ, ಸ್ವಲ್ಪ ಸುಮ್ನ ಆಗ್ರಿ. ನನ್ನ ಹೊಟ್ಟಿ ನೋಯಾಕತ್ತೈತಿ."

ಮಾತು ಅಲ್ಲೇ ನಿಂತಿತು. ಎತ್ತಿದ ಕೈಯನ್ನು ಸನ್ಮತಿ ಹಾಗೇ ಇಳಿಸಿದ. ತ್ರಿಶಲಾ ಓಡಿ ಬಂದು ಮಗಳ ಮುಂದೆ ಕುಳಿತಳು. ವರ್ಧಮಾನ ಅವಳ ಹಿಂದೆ.

"ಯಾವಾಗಿಂದ ನೋಯಾಕತ್ತೈತಿ? ಖರೆ ಹೇಳ, ಮೊದಲಿನಂಗ ಮುಚ್ಚಿಡಬ್ಯಾಡ" ಎಂದಳು ತ್ರಿಶಲಾ.

"ಈಗಿಂದ" ಎಂದಳು ಮಯೂರಿ. "ಈಗ ಸುರು ಆತು."